ಕಪಿಲೆಗೆ ಹತ್ತಿರದಲ್ಲೇ ರಷ್ಯಾದ ಹಿಮಗಿರಿ

ನಂಜನಗೂಡು, ತಿ. ನರಸೀಪುರದವರಿಗೆ ಮೈಸೂರೆಂದರೆ ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ, ದಸರೆ. ಬಂದ ಕೆಲಸ ಬೇಗ ಮುಗಿದ ದಿನ ಜಗನ್ಮೋಹನ ಅರಮನೆಯತ್ತ ಹೋಗಬೇಕು. ಅಲ್ಲಿನ ಶ್ರೀ ಜಯಚಾಮರಾಜೇಂದ್ರ ಚಿತ್ರಶಾಲೆಯ ಸಂಗ್ರಹದಲ್ಲಿ ರಷ್ಯಾದ ಕಲಾವಿದರಾದ ರೋರಿಚ್ ತಂದೆ–ಮಗನ ಚಿತ್ರಗಳಿವೆ.

ಈ ಅರಮನೆ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು, 1861ರಲ್ಲಿ. ನಂಜನಗೂಡಿನ ನಂಜುಂಡೇಶ್ವರನ ರಾಜಗೋಪುರ ಎದ್ದದ್ದೂ ಅವರ ಕಾಲದಲ್ಲೇ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದಾಗ ರಾಜಮನೆತನ ಇಲ್ಲಿಗೆ ಬಂತು. 1915ರಲ್ಲಿ ಇದು ಚಿತ್ರಶಾಲೆಯಾಯಿತು.

ಬಂದವರೆಲ್ಲ ಕೇಳುವುದು ಹಲ್ದಣಕರರ ದೀಪ ಹಿಡಿದ ಹೆಣ್ಣನ್ನು, ಆಮೇಲೆ ರವಿವರ್ಮನನ್ನು. ನೋಡಲೇಬೇಕಾದವೇ, ತಕರಾರಿಲ್ಲ. ಆದರೆ ಆ ಬೆರಗಿನಲ್ಲಿ ರೋರಿಚ್ ತಪ್ಪಿಹೋಗುವುದು ದೊಡ್ಡ ನಷ್ಟ.

ನಿಕೋಲಸ್ ರೋರಿಚ್ ಹುಟ್ಟಿದ್ದು 1874ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಬೆಳದಿಂಗಳ ನೀಪರ್ ನದಿಯನ್ನು ಬರೆದು ಹೆಸರಾದ ಕುಯಿಂಜಿ ಇವರ ಗುರು. 1913ರಲ್ಲಿ ಪ್ಯಾರಿಸ್ಸನ್ನೇ ಗದ್ದಲಕ್ಕೆಬ್ಬಿಸಿದ ಸ್ಟ್ರಾವಿನ್‌ಸ್ಕಿಯ ಬ್ಯಾಲೆಗೆ ರಂಗಸಜ್ಜಿಕೆ ಇವರದು. ಕೊನೆಗೆ ನೆಲೆಸಿದ್ದು ಕುಲು ಕಣಿವೆಯಲ್ಲಿ. 1947ರಲ್ಲಿ ತೀರಿಕೊಂಡದ್ದೂ ಅಲ್ಲೇ.

ಇವರ ಹಿಮಾಲಯದ ಚಿತ್ರಗಳನ್ನು ಹತ್ತಿರದಿಂದ ನೋಡಬೇಕು. ಬಹುಪಾಲು ಟೆಂಪೆರಾ. ರವಿವರ್ಮನ ಎಣ್ಣೆಬಣ್ಣದ ಹೊಳಪು ಇಲ್ಲಿಲ್ಲ. ನೀಲಿಯ ಹಿಂದೆ ಇನ್ನೊಂದು ನೀಲಿ, ಅದರಾಚೆ ನೇರಳೆ, ತುದಿಯಲ್ಲಿ ಬಿಳಿ. ಬೆಟ್ಟ ದೂರ ಸರಿದಂತೆ ಕಾಣುವುದು ನೆರಳಿನಿಂದಲ್ಲ, ಪಟ್ಟೆ ಪಟ್ಟೆಯಾಗಿ ಬದಲಾಗುವ ಬಣ್ಣದಿಂದ. ಎಷ್ಟೋ ಚಿತ್ರಗಳಲ್ಲಿ ಮನುಷ್ಯ ಕಡ್ಡಿಯಷ್ಟೇ.

ನಮ್ಮ ಕಡೆಯ ಕಣ್ಣಿಗೆ ಇದು ಪೂರ್ತಿ ಹೊಸದಲ್ಲ ಎಂಬುದು ನನ್ನ ನಂಬಿಕೆ. ರೋರಿಚ್ ಪ್ರಾಣದಂತೆ ಪ್ರೀತಿಸಿದ್ದು ರಷ್ಯಾದ ಇಗರ್ಜಿಗಳ ಐಕಾನ್ ಚಿತ್ರಗಳನ್ನು: ಮರದ ಹಲಗೆಗೆ ಸೀಮೆಸುಣ್ಣ, ಅಂಟಿನ ಲೇಪ, ಅದರ ಮೇಲೆ ಚಿನ್ನದ ರೇಕು, ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ. ಮೈಸೂರು ಚಿತ್ರಗಾರರು ಮಕ್ಕಿ ಸಫೇದವೆಂಬ ಲೇಪದಿಂದ ಉಬ್ಬು ಕೆಲಸ ಮಾಡಿ ರೇಕು ಅಂಟಿಸುವುದನ್ನು ಕಂಡವರಿಗೆ ಆ ಕಸುಬು ಕೂಡಲೇ ಅರ್ಥವಾಗುತ್ತದೆ. ದೇವರ ಪಟದ ಮುಂದೆ ಕೈಮುಗಿದು ಬೆಳೆದವರು ರಷ್ಯಾದ ಚಿತ್ರಕ್ಕೆ ಹೆದರಬೇಕಾಗಿಲ್ಲ.

ಮಗ ಸ್ವೆತೋಸ್ಲಾವ್ ಅಂತೂ ಕನ್ನಡ ನಾಡಿನವರೇ ಆಗಿಬಿಟ್ಟರು. 1945ರಲ್ಲಿ ನಟಿ ದೇವಿಕಾ ರಾಣಿಯವರನ್ನು ಮದುವೆಯಾಗಿ, ಕನಕಪುರ ರಸ್ತೆಯ ತಾತಗುಣಿಯಲ್ಲಿ ತೋಟ ಮಾಡಿ, 1993ರಲ್ಲಿ ಬೆಂಗಳೂರಿನಲ್ಲೇ ಕಣ್ಣುಮುಚ್ಚಿದರು. ತಂದೆಯದು ಬೆಟ್ಟವಾದರೆ ಇವರದು ಹೆಚ್ಚಾಗಿ ಮುಖ. ಸಂಸತ್ತಿನಲ್ಲಿರುವ ನೆಹರೂ ಭಾವಚಿತ್ರ ಇವರ ಕೈಯದೇ.

ಇಷ್ಟಕ್ಕೆ ತೃಪ್ತಿಯಾಗದವರು ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಬೇಕು. ಇಬ್ಬರು ರೋರಿಚರ ಚಿತ್ರಗಳಿಗೂ ಅಲ್ಲಿ ಪ್ರತ್ಯೇಕ ಗ್ಯಾಲರಿ ಇದೆ, ಎಂ. ಎಸ್. ನಂಜುಂಡರಾಯರು ಹುಡುಕಿ ಉಳಿಸಿದ ಮೈಸೂರು ಸಾಂಪ್ರದಾಯಿಕ ಚಿತ್ರಗಳೂ ಅಲ್ಲೇ ಇವೆ. ಎರಡನ್ನೂ ಒಂದೇ ದಿನ ನೋಡಿ ಬರಬಹುದು.