ನಿಮಗಿದು ಗೊತ್ತೇ? ಗೇರ್‌ಬಾಕ್ಸ್ ಸೋರುತ್ತಿದೆಯೇ, ಹನಿಯನ್ನು ಓದಿ!

ಮನೆ ಮುಂದೆ ನಿಲ್ಲಿಸಿದ ಕಾರಿನಡಿ ಎಣ್ಣೆ ಕಲೆ ಕಂಡಿತೇ? ಒರೆಸುವ ಮುನ್ನ ಒಮ್ಮೆ ಚೆನ್ನಾಗಿ ನೋಡಿ. ಬಣ್ಣ, ವಾಸನೆ, ಬಿದ್ದ ಜಾಗ ಈ ಮೂರನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಬೇಗ ಹಿಡಿದರೆ ವಾಷರ್ ಇಲ್ಲವೇ ಸೀಲಿನ ಖರ್ಚು, ತಡಮಾಡಿದರೆ ಇಡೀ ಗೇರ್‌ಬಾಕ್ಸಿನ ಖರ್ಚು.

ಹನಿ ಯಾವುದು?

● ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಕೆಂಪಗಿರುವುದು ಬಣ್ಣ ಬೆರೆಸಿರುವುದರಿಂದ. ಸೋರಿದಾಗ ಎಂಜಿನ್ ಆಯಿಲ್‌ಗಿಂತ ಬೇರೆಯಾಗಿ ಕಾಣಲಿ ಎಂಬುದೇ ಉದ್ದೇಶ. ಹಳತಾದಂತೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಆಟೊಮ್ಯಾಟಿಕ್‌ನದೇ ಒಂದು ಬಗೆಯಾದ ಸಿವಿಟಿ ಇರುವ ಕೆಲವು ಕಾರುಗಳ ಆಯಿಲ್ ಹಸಿರಾಗಿರುತ್ತದೆ.

● ಮ್ಯಾನುಯಲ್ ಗೇರ್ ಆಯಿಲನ್ನು ಮೂಗೇ ಪತ್ತೆ ಹಚ್ಚುತ್ತದೆ. ಗೇರಿನ ಹಲ್ಲುಗಳು ಒತ್ತಡಕ್ಕೆ ಸವೆಯದಂತೆ ಅದಕ್ಕೆ ಸೇರಿಸುವ ಗಂಧಕದ ಸಂಯುಕ್ತಗಳಿಂದ ಗಾಢವಾದ ಘಾಟು ಬರುತ್ತದೆ.

● ಕೆಂಪು ಹನಿಯೆಲ್ಲ ಗೇರ್‌ಬಾಕ್ಸಿನದೇ ಅಲ್ಲ. ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರುವ ಹಲವು ಕಾರುಗಳಲ್ಲಿ ಸ್ಟೀರಿಂಗಿಗೂ ಇದೇ ಆಯಿಲ್. ಮೊದಲು ಸ್ಟೀರಿಂಗ್ ಆಯಿಲ್ ಡಬ್ಬಿಯ ಮಟ್ಟ ನೋಡಿ.

● ಎಸಿ ಹಾಕಿದಾಗ ಬೀಳುವ ಬಣ್ಣವಿಲ್ಲದ ಹನಿ ಬರೀ ನೀರು, ಚಿಂತೆ ಬೇಡ. ಚಕ್ರದ ಒಳಬದಿಗೆ ಮಂದವಾದ ಕಪ್ಪು ಗ್ರೀಸ್ ಸಿಡಿದಿದ್ದರೆ ಆಕ್ಸಲ್ ಬೂಟ್ (ರಬ್ಬರ್ ಹೊದಿಕೆ) ಹರಿದಿದೆ ಎಂದರ್ಥ. ಸಿಹಿ ವಾಸನೆಯ ಹನಿ ಕೂಲೆಂಟ್. ಅದರಲ್ಲಿರುವ ಎಥಿಲಿನ್ ಗ್ಲೈಕಾಲ್ ವಿಷ, ನಾಯಿ ಬೆಕ್ಕು ನೆಕ್ಕುವ ಮುನ್ನ ತೊಳೆದುಬಿಡಿ.

● ಗೇರ್‌ಬಾಕ್ಸಿನ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಕಿಗೆ ಗುಲಾಬಿ ಬಣ್ಣದ ಹಾಲಿನಂಥ ನೊರೆ ಅಂಟಿದ್ದರೆ ಕಾರನ್ನು ಮುಂದೆ ಓಡಿಸಬೇಡಿ. ಹಲವು ಕಾರುಗಳಲ್ಲಿ ಗೇರ್‌ಬಾಕ್ಸಿನ ಆಯಿಲ್ ತಣಿಯುವುದು ರೇಡಿಯೇಟರಿನೊಳಗಿನ ಕೂಲರ್‌ನಲ್ಲಿ. ಅದು ಬಿರುಕು ಬಿಟ್ಟರೆ ಆಯಿಲ್ ಮತ್ತು ಕೂಲೆಂಟ್ ಬೆರೆಯುತ್ತವೆ, ಒಳಗಿನ ಕ್ಲಚ್ ಪ್ಲೇಟುಗಳ ಅಂಟು ಬಿಡುತ್ತದೆ.

● ಅಮೆರಿಕದಲ್ಲಿ ಒಂದು ಕಾಲಕ್ಕೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್‌ಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು! 1970ರ ದಶಕದ ಆರಂಭದಲ್ಲಿ ಕಾನೂನು ಅದನ್ನು ತಡೆಯಿತು. ಆಮೇಲೆ ಬದಲಿ ರಾಸಾಯನಿಕಗಳು ಬಂದವು.

ಎಲ್ಲಿಂದ ಸೋರುತ್ತಿದೆ?

● ಹನಿ ಬಿದ್ದಲ್ಲೇ ಸೋರಿಕೆ ಇರಬೇಕೆಂದಿಲ್ಲ. ಕಾರು ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಒದ್ದೆಯಾದ ಭಾಗದಲ್ಲಿ ಎಲ್ಲಕ್ಕಿಂತ ಮೇಲಿರುವ, ಎಲ್ಲಕ್ಕಿಂತ ಮುಂದಿರುವ ಜಾಗದಿಂದ ಹುಡುಕಾಟ ಶುರುಮಾಡಿ.

● ಮನೆಯ ಟಾಲ್ಕಂ ಪೌಡರ್ ಇಲ್ಲಿ ಪತ್ತೇದಾರ. ಗೇರ್‌ಬಾಕ್ಸನ್ನು ಡಿಗ್ರೀಸರ್ ಹಾಕಿ ತೊಳೆದು ಒಣಗಿಸಿ, ಪೌಡರ್ ಉದುರಿಸಿ, ಸ್ವಲ್ಪ ದೂರ ಓಡಿಸಿ ಬನ್ನಿ. ಬಿಳಿ ಪುಡಿಯ ಮೇಲೆ ಎಣ್ಣೆ ಹರಿದ ಗೆರೆ ಎದ್ದು ಕಾಣುತ್ತದೆ. ಆಗಲೂ ಸಿಗದಿದ್ದರೆ ಆಯಿಲ್‌ಗೆ ಬೆರೆಸುವ, ನೇರಳಾತೀತ ಟಾರ್ಚಿನಲ್ಲಿ ಹೊಳೆಯುವ ಬಣ್ಣವಿದೆ.

● ಓಡಿಸುವಾಗ ಇಲ್ಲದ ಸೋರಿಕೆ ದಿನಗಟ್ಟಲೆ ನಿಲ್ಲಿಸಿದಾಗ ಕಾಣಿಸಬಹುದು. ಆಟೊಮ್ಯಾಟಿಕ್ ಕಾರಿನಲ್ಲಿ ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವುದು ಟಾರ್ಕ್ ಕನ್ವರ್ಟರ್. ಎಂಜಿನ್ ನಿಂತ ಮೇಲೆ ಅದರ ಆಯಿಲ್ ನಿಧಾನವಾಗಿ ಕೆಳಗಿನ ಪ್ಯಾನಿಗೆ ಇಳಿಯುತ್ತದೆ. ಮಟ್ಟ ಏರಿ, ಮೇಲಿನ ಸೀಲುಗಳಿಂದ ಜಿನುಗುತ್ತದೆ.

● ಈ ಟಾರ್ಕ್ ಕನ್ವರ್ಟರ್ ಮೊದಲು ಹುಟ್ಟಿದ್ದು ಹಡಗಿಗಾಗಿ! ಜರ್ಮನಿಯ ಎಂಜಿನಿಯರ್ ಹರ್ಮನ್ ಫಾಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

● ಗೇರ್‌ಬಾಕ್ಸ್ ಕೂಡ ಉಸಿರಾಡುತ್ತದೆ. ಬಿಸಿಗೆ ಹಿಗ್ಗಿದ ಗಾಳಿ ಹೊರಹೋಗಲು ಬ್ರೀದರ್ ಇದೆ. ಅದಕ್ಕೆ ಕೆಸರು ಕಟ್ಟಿದರೆ ಒಳಗೆ ಒತ್ತಡ ಹೆಚ್ಚಿ, ಸರಿಯಾಗಿರುವ ಸೀಲೂ ಸೋರುತ್ತದೆ. ಸೀಲ್ ಬದಲಿಸುವ ಮುನ್ನ ಬ್ರೀದರ್ ಸ್ವಚ್ಛಮಾಡಿ.

● ಇದೇ ಬ್ರೀದರ್ ಮೂಲಕ ಮಳೆನೀರೂ ಒಳಸೇರಬಹುದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ಆದಂತೆ ಕಾರು ನೀರಿನಲ್ಲಿ ಮುಳುಗಿದ್ದರೆ ಗೇರ್ ಆಯಿಲನ್ನೂ ಪರೀಕ್ಷಿಸಲೇಬೇಕು.

ಮಟ್ಟ ನೋಡುವುದು ಹೇಗೆ?

● ಎಂಜಿನ್ ಆಯಿಲ್ ನೋಡುವುದು ಎಂಜಿನ್ ಆರಿಸಿ. ಆದರೆ ಡಿಪ್‌ಸ್ಟಿಕ್ ಇರುವ ಬಹುತೇಕ ಆಟೊಮ್ಯಾಟಿಕ್‌ಗಳಲ್ಲಿ ಗೇರ್ ಆಯಿಲ್ ನೋಡಬೇಕಾದ್ದು ಸಮತಟ್ಟಾದ ನೆಲದಲ್ಲಿ, ಗಾಡಿ ಬಿಸಿಯಾಗಿ, ಎಂಜಿನ್ ಓಡುತ್ತಿರುವಾಗ! ಹೋಂಡಾದ ಹಲವು ಕಾರುಗಳಲ್ಲಿ ಮಾತ್ರ ಬಿಸಿಯಾದ ಎಂಜಿನ್ ಆರಿಸಿದ ಕೂಡಲೇ. ಆದ್ದರಿಂದ ಕಾರಿನ ಕೈಪಿಡಿ ನೋಡದೆ ಕೈ ಹಾಕಬೇಡಿ.

● ಚಿಕ್ಕ ಮ್ಯಾನುಯಲ್ ಕಾರಿನ ಗೇರ್‌ಬಾಕ್ಸಿನಲ್ಲಿ ಸಾಮಾನ್ಯವಾಗಿ ಇರುವುದೇ ಸುಮಾರು 2 ಲೀಟರ್ ಆಯಿಲ್. ಅರ್ಧ ಲೀಟರ್ ಸೋರಿದರೆ ಕಾಲುಭಾಗವೇ ಹೋಯಿತು.

● 2014ರಲ್ಲಿ ಸೆಲೆರಿಯೊ ಕಾರಿನೊಂದಿಗೆ ಭಾರತದಲ್ಲಿ ಮನೆಮಾತಾದ, ಗೇರನ್ನು ತಾನೇ ಬದಲಿಸುವ ಎಎಂಟಿಯ ಒಳಗಿರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಅದಕ್ಕೆ ಗೇರ್ ಆಯಿಲ್ ಬೇರೆ, ಗೇರ್ ಬದಲಿಸುವ ಹೈಡ್ರಾಲಿಕ್ ಘಟಕದ ಆಯಿಲ್ ಬೇರೆ. ಸೋರಿಕೆ ಎರಡರಲ್ಲೂ ಆಗಬಹುದು.

● ಹೆಚ್ಚು ಸುರಿದರೂ ಸೋರುತ್ತದೆ. ಮಿತಿಮೀರಿದ ಆಯಿಲ್ ನೊರೆಗಟ್ಟಿ ಬ್ರೀದರಿನಿಂದ ಹೊರಚೆಲ್ಲುತ್ತದೆ.

● ‘ಲೈಫ್‌ಟೈಮ್’ ಆಯಿಲ್ ಎಂದು ಕಾರು ಕಂಪನಿ ಹೇಳಿದರೂ, ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಜೆಡ್‌ಎಫ್ ಸಂಸ್ಥೆ ತನ್ನ ಆಟೊಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ ಆಯಿಲ್ ಬದಲಿಸಲು ಸಲಹೆ ಮಾಡುತ್ತದೆ.

ಕೈಯಾರೆ ರಿಪೇರಿ

● ಬರೀ ಜಾಕ್ ಮೇಲೆ ನಿಂತ ಕಾರಿನಡಿ ಎಂದೂ ತೂರಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳು ಸುಳಿವೇ ಕೊಡದೆ ಒಡೆಯುತ್ತವೆ. ಗಟ್ಟಿ ನೆಲದ ಮೇಲೆ ಜಾಕ್ ಸ್ಟ್ಯಾಂಡ್ ಕೊಡಿ, ನೆಲದಲ್ಲಿರುವ ಚಕ್ರಗಳಿಗೆ ಅಡ್ಡಗಟ್ಟೆ ಇಡಿ.

● ಆಯಿಲ್ ಇಳಿಸುವ ಬೋಲ್ಟಿಗಿಂತ ಮೊದಲು ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ ನೋಡಿ. ಅದು ತುಕ್ಕು ಹಿಡಿದು ಬಿಚ್ಚದಿದ್ದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಕೂರಬೇಕಾದೀತು!

● ಡ್ರೈನ್ ಬೋಲ್ಟಿನ ಅಲ್ಯೂಮಿನಿಯಂ ವಾಷರ್ ಒಂದೇ ಬಾರಿಗೆ. ಬಿಗಿದಾಗ ಚಪ್ಪಟೆಯಾಗಿ ಸಂದು ಮುಚ್ಚುವುದೇ ಅದರ ಕೆಲಸ. ಹಳೆಯದನ್ನೇ ಹಾಕಿದರೆ ಮತ್ತೆ ಜಿನುಗುತ್ತದೆ.

● ಪ್ಯಾನ್ ಸೋರುತ್ತಿದೆಯೆಂದು ಬೋಲ್ಟುಗಳನ್ನು ಬಲವಾಗಿ ಬಿಗಿದರೆ ಸೋರಿಕೆ ಹೆಚ್ಚುತ್ತದೆ. ಪ್ಯಾನಿನ ಅಂಚು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹಿಂಡಿಹೋಗುತ್ತದೆ. ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ, ಕೈಪಿಡಿ ಹೇಳಿದಷ್ಟೇ ಬಿಗಿಯಿರಿ.

● ಮೊದಮೊದಲ ಆಯಿಲ್ ಸೀಲುಗಳನ್ನು ಚರ್ಮದಿಂದ ಮಾಡುತ್ತಿದ್ದರು! ಇಂದಿನದು ರಬ್ಬರ್, ಅದರ ತುಟಿಯನ್ನು ಸಣ್ಣ ಸ್ಪ್ರಿಂಗ್ ಅಪ್ಪಿ ಹಿಡಿದಿರುತ್ತದೆ. ಹೊಸ ಸೀಲ್ ಕೂರಿಸುವಾಗ ತುಟಿಗೆ ಆಯಿಲ್ ಸವರಿ. ಒಣಗಿದ ತುಟಿ ಶಾಫ್ಟ್ ತಿರುಗಿದೊಡನೆ ಹರಿಯಬಹುದು.

● ಸೋರಿಕೆ ನಿಲ್ಲಿಸುತ್ತವೆಂದು ಮಾರುವ ದ್ರಾವಣಗಳು ಗಟ್ಟಿಯಾದ ರಬ್ಬರನ್ನು ಉಬ್ಬಿಸಿ ಮೆದುವಾಗಿಸುತ್ತವೆ. ಹರಿದ ಸೀಲಿಗೆ, ಬಿರುಕಿಗೆ ಅವು ಮದ್ದಲ್ಲ.

● ಎಲ್ಲ ಗೇರ್ ಆಯಿಲ್ ಒಂದೇ ಅಲ್ಲ. ಕೈಪಿಡಿಯಲ್ಲಿ ಜಿಎಲ್-4 ದರ್ಜೆ ಎಂದಿರುವ ಗೇರ್‌ಬಾಕ್ಸಿಗೆ ಜಿಎಲ್-5 ಹಾಕಿದರೆ ಅದರ ರಾಸಾಯನಿಕಗಳು ಒಳಗಿನ ಹಿತ್ತಾಳೆ ಭಾಗಗಳನ್ನು ಸವೆಸಬಹುದು.

● ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ಸೋರುತ್ತಿದ್ದರೆ ಮನೆಯಲ್ಲಿ ಕೈ ಹಾಕಬೇಡಿ, ಗೇರ್‌ಬಾಕ್ಸನ್ನೇ ಇಳಿಸಬೇಕು. ಆಯಿಲ್ ಪೂರಾ ಹೋಗಿದ್ದರೆ ಓಡಿಸಬೇಡಿ, ಹಗ್ಗ ಕಟ್ಟಿ ಎಳೆಸಲೂ ಬೇಡಿ. ಬಹುತೇಕ ಆಟೊಮ್ಯಾಟಿಕ್‌ಗಳಲ್ಲಿ ಆಯಿಲ್ ಪಂಪ್ ತಿರುಗುವುದು ಎಂಜಿನ್ ಓಡಿದಾಗ ಮಾತ್ರ, ಎಳೆದಾಗ ಒಳಭಾಗಗಳಿಗೆ ಆಯಿಲ್ ಸಿಗದು. ಇಡೀ ಕಾರನ್ನು ಲಾರಿಯ ಮೇಲೇರಿಸಿ ಸಾಗಿಸಿ.

● ಇಳಿಸಿದ ಆಯಿಲ್ ಚರಂಡಿಗೆ ಬೇಡ. ಒಂದು ಸಲ ಬದಲಿಸಿದ ಹಳೆ ಎಂಜಿನ್ ಆಯಿಲ್ 10 ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ಗೇರ್ ಆಯಿಲನ್ನೂ ಅಷ್ಟೇ ಜೋಪಾನವಾಗಿ ಕ್ಯಾನಿನಲ್ಲಿ ತುಂಬಿ, ಹಳೆ ಆಯಿಲ್ ಪಡೆಯುವ ಗ್ಯಾರೇಜಿಗೆ ಕೊಡಿ.

● ಮೆಕ್ಯಾನಿಕ್ ಬಳಿಗೇ ಹೋಗುವುದಾದರೂ ನೀವು ಕಂಡದ್ದನ್ನು ಹೇಳಿ. ‘ಎಲ್ಲೋ ಆಯಿಲ್ ಲೀಕ್’ ಎನ್ನುವ ಬದಲು ‘ಎಡಗಡೆ ಆಕ್ಸಲ್ ಸೀಲ್ ಹತ್ತಿರ ಗೇರ್ ಆಯಿಲ್ ಜಿನುಗುತ್ತಿದೆ’ ಎಂದರೆ ಅವರ ಸಮಯವೂ ಉಳಿಯುತ್ತದೆ, ನಿಮ್ಮ ಹಣವೂ ಉಳಿಯುತ್ತದೆ.