ಅಂಕಪಟ್ಟಿ ಕೇಳದ ಗಣಿತ ಪದವಿ

ರಟ್ಟಿನಲ್ಲಿ ಕತ್ತರಿಸಿದ ಸಮಬಾಹು ತ್ರಿಭುಜ. ತುದಿಯಲ್ಲಿ ಅ, ಬಲಕ್ಕೆ ಆ, ಎಡಕ್ಕೆ ಇ. ಮಗುಚಿದರೂ ಮೂಲೆಗಳ ಗುರುತು ಸಿಗಲೆಂದು ಹಿಂಬದಿಯಲ್ಲೂ ಅವೇ ಅಕ್ಷರಗಳು. ಇಂಗ್ಲೆಂಡಿನ ಬೆಡ್‌ಫರ್ಡ್ ಊರಿನ ಮನೆಯೊಂದರಲ್ಲಿ, ಊಟದ ಮೇಜಿನ ಮೇಲೆ ಅದನ್ನಿಟ್ಟು ‘ಈಗ ನೋಡಿ’ ಎಂದರು ಪುತ್ತೂರು ಮೂಲದ ನರ್ಸ್.

ಮೊದಲು ಬಲಕ್ಕೆ ಮೂರನೇ ಒಂದು ಸುತ್ತು ತಿರುಗಿಸಿದರು. ಆಮೇಲೆ ತುದಿ ಅಲ್ಲೇ ಉಳಿಯುವಂತೆ, ಎಡಬಲ ಅದಲುಬದಲಾಗುವ ಹಾಗೆ ಮಗುಚಿದರು. ತುದಿಗೆ ‘ಇ’ ಬಂದಿತ್ತು. ಮತ್ತೆ ಮೊದಲಿನಂತೆ ಇಟ್ಟು, ಈ ಸಲ ಮೊದಲು ಮಗುಚಿ ಆಮೇಲೆ ತಿರುಗಿಸಿದರು. ತುದಿಯಲ್ಲಿ ‘ಆ’.

‘ಮಾಡಿದ ಕೆಲಸ ಎರಡೇ. ಯಾವುದು ಮೊದಲು ಅನ್ನುವುದರ ಮೇಲೆ ಉತ್ತರವೇ ಬೇರೆ. ಶಾಲೆಯಲ್ಲಿ ಎರಡು ಮೂರಲಿ ಆರು, ಮೂರು ಎರಡಲಿ ಆರು ಅಂತ ಕಲಿತದ್ದಲ್ವಾ? ಹಾಗಲ್ಲದ ಲೋಕವೂ ಉಂಟು ಅಂತ ಗೊತ್ತಾದ ದಿನ ನಿದ್ದೆಯೇ ಬರ್ಲಿಲ್ಲ ಮಾರಾಯ್ರೆ.’

ತ್ರಿಭುಜವನ್ನು ಮತ್ತೆ ಅದರ ಜಾಗದಲ್ಲೇ ಕೂರಿಸುವ ಇಂಥ ಚಲನೆಗಳು ಆರೇ ಆರು. ಏನೂ ಮಾಡದೆ ಸುಮ್ಮನಿರುವುದೂ ಅದರಲ್ಲೊಂದು. ಆ ಆರರ ಸಂಬಂಧಗಳಿಂದ ಶುರುವಾಗುವ ಗ್ರೂಪ್ ಥಿಯರಿ ಆಧುನಿಕ ಬೀಜಗಣಿತದ ಹೆಬ್ಬಾಗಿಲು. ನಲವತ್ತು ದಾಟಿದ ಮೇಲೆ, ಆಸ್ಪತ್ರೆಯ ನೈಟ್ ಡ್ಯೂಟಿಗಳ ನಡುವೆ ಅವರು ಆ ಬಾಗಿಲು ದಾಟಿದ್ದಾರೆ. ಹೆಸರು ಹಾಕಬೇಡಿ ಎಂದರು. ಪಿಯುಸಿಯಲ್ಲಿ ಗಣಿತವೆಂದರೆ ಪ್ರಾಣ. ಬೇಗ ಕೆಲಸ ಸಿಗಲೆಂದು ಮನೆಯವರು ನರ್ಸಿಂಗ್‌ಗೆ ಸೇರಿಸಿದರು. ಕೆಲಸವೂ ಸಿಕ್ಕಿತು, ಸಂಸಾರವೂ ನಡೆಯಿತು. ಮಗಳಿಗೆ ಬೀಜಗಣಿತ ಹೇಳಿಕೊಡಲು ಕುಳಿತ ಒಂದು ಸಂಜೆ, ಮಗಳು ಎದ್ದುಹೋದ ಮೇಲೂ ತಾವು ಲೆಕ್ಕ ಮಾಡುತ್ತಲೇ ಇದ್ದರಂತೆ.

ಅವರು ಓದುತ್ತಿರುವುದು ಓಪನ್ ಯೂನಿವರ್ಸಿಟಿಯಲ್ಲಿ. ಅದರ ಕೇಂದ್ರ ಪಕ್ಕದ ಮಿಲ್ಟನ್ ಕೀನ್ಸ್‌ನ ವಾಲ್ಟನ್ ಹಾಲ್. ‘ಗಾಳಿಯಲೆಯ ವಿಶ್ವವಿದ್ಯಾಲಯ’ದ ಮಾತನ್ನು 1963ರಲ್ಲಿ ಎತ್ತಿದವರು ಹೆರಾಲ್ಡ್ ವಿಲ್ಸನ್. ಅವರು ಪ್ರಧಾನಿಯಾದ ಮೇಲೆ ಅದನ್ನು ಹಟ ಹಿಡಿದು ಕಟ್ಟಿದವರು ಸ್ಕಾಟ್ಲೆಂಡಿನ ಗಣಿ ಕಾರ್ಮಿಕನ ಮಗಳು, ಸಚಿವೆ ಜೆನ್ನಿ ಲೀ. 1969ರಲ್ಲಿ ರಾಜ ಸನ್ನದು ಸಿಕ್ಕಿತು, 1971ರ ಜನವರಿಯಲ್ಲಿ ಪಾಠ ಆರಂಭವಾಯಿತು. ಮೊದಲ ವರ್ಷದ ನಾಲ್ಕೇ ವಿಷಯಗಳಲ್ಲಿ ಗಣಿತವೂ ಒಂದು. ಬಿಬಿಸಿಯಲ್ಲಿ ಬೆಳಗಿನ ಜಾವ, ನಡುರಾತ್ರಿ ಬರುತ್ತಿದ್ದ ಪಾಠಗಳು 2006ರವರೆಗೂ ನಡೆದವು. ವಿಲ್ಸನ್ ಅವರ ಮಗ ರಾಬಿನ್ ವಿಲ್ಸನ್ ಇಲ್ಲೇ ಗಣಿತದ ಪ್ರಾಧ್ಯಾಪಕರಾಗಿದ್ದರು. ಗ್ರಾಫ್ ಥಿಯರಿಗೆ ಅವರು ಬರೆದ ಪ್ರವೇಶಿಕೆಯನ್ನು ಲೋಕವೆಲ್ಲ ಓದುತ್ತದೆ.

ಗಣಿತ ಪದವಿಗೆ ಸೇರಲು ಇಲ್ಲಿ ಹಿಂದಿನ ಅಂಕಪಟ್ಟಿ ಬೇಕಿಲ್ಲ. ಒಟ್ಟು 360 ಕ್ರೆಡಿಟ್. ವರ್ಷಕ್ಕೆ 60ರಂತೆ ಓದಿದರೆ ಆರು ವರ್ಷ. ಒಂದು ಕ್ರೆಡಿಟ್‌ಗೆ ಸುಮಾರು ಹತ್ತು ಗಂಟೆಯ ಓದು ಎಂಬ ಲೆಕ್ಕ. ಕೈಬಿಟ್ಟುಹೋದವರಿಗೆ ಭಿನ್ನರಾಶಿಯಿಂದ ಹಿಡಿದು ಹೇಳಿಕೊಡುವ ಮಾಡ್ಯೂಲ್ ಇದೆ. ಆಮೇಲೆ ಕಲನಶಾಸ್ತ್ರ, ಮಾತೃಕೆಗಳು. ತರಗತಿ ಆನ್‌ಲೈನ್ ಆದರೂ ಗಣಿತದ ಪುಸ್ತಕಗಳು ಇಂದಿಗೂ ಅಚ್ಚಾಗಿ ಮನೆಗೆ ಬರುತ್ತವೆ. ಲೆಕ್ಕವನ್ನು ಕೈಯಲ್ಲಿ ಬರೆದು, ಸ್ಕ್ಯಾನ್ ಮಾಡಿ ಕಳಿಸಬಹುದು.

ಎರಡನೇ ಹಂತದ ‘ಎಂ208’ ಎಂಬ ಶುದ್ಧ ಗಣಿತದ ಮಾಡ್ಯೂಲ್ ಬಂದಾಗ ಉತ್ತರ ತೆಗೆಯುವುದರ ಜತೆಗೆ ಸಾಧಿಸಿ ತೋರಿಸುವುದೂ ಕೆಲಸವಾಗುತ್ತದೆ. ಅಲ್ಲಿ ನೆರವಿಗೆ ಬರುವುದು ಟಿಎಂಎ, ಅಂದರೆ ಟ್ಯೂಟರ್ ತಿದ್ದುವ ಅಸೈನ್‌ಮೆಂಟ್. ನಮ್ಮ ನರ್ಸ್ ತಮ್ಮ ಮೊದಮೊದಲ ಟಿಎಂಎ ತೆಗೆದು ತೋರಿಸಿದರು. ಒಂದು ಅಸಮತೆ ಎಲ್ಲ ಧನ ಪೂರ್ಣಾಂಕಗಳಿಗೂ ನಿಜವೆಂದು ತೋರಿಸಬೇಕಿತ್ತು. ಇವರು ಒಂದರಿಂದ ಐದರವರೆಗೆ ಲೆಕ್ಕ ಹಾಕಿ, ‘ಆದ್ದರಿಂದ ಸಿದ್ಧವಾಯಿತು’ ಎಂದು ಮುಗಿಸಿದ್ದರು. ಬದಿಯಲ್ಲಿ ಟ್ಯೂಟರ್ ಬರೆದದ್ದು ಎರಡು ಸಾಲು: ಐದೂ ಸರಿಯಾಗಿವೆ, ಆರನೆಯದಕ್ಕೆ ಯಾರು ಹೊಣೆ? ಒಂದು ಹೆಜ್ಜೆಯಿಂದ ಮುಂದಿನ ಹೆಜ್ಜೆಗೆ ಹೋಗುವ ದಾರಿಯನ್ನು ಬರೆಯಿರಿ.

‘ಅಂಕ ಹೋಯ್ತು ಅಂತ ಬೇಜಾರಾಗ್ಲಿಲ್ಲ. ನಾನು ಬರೆದದ್ದನ್ನು ಒಬ್ಬರು ಕೂತು ಓದಿದ್ದಾರಲ್ಲ, ಅದೇ ದೊಡ್ಡದು. ಎಷ್ಟು ವರ್ಷ ಆಗಿತ್ತು ಹೇಳಿ, ನನ್ನ ಲೆಕ್ಕ ಯಾರಾದ್ರೂ ನೋಡಿ!’

ಆ ಎರಡು ಸಾಲೇ ಈ ಪದವಿಯ ಜೀವಾಳ ಎಂದು ನನಗನಿಸುತ್ತದೆ. ವಿಡಿಯೊ ಎಷ್ಟೇ ಚೆನ್ನಾಗಿರಲಿ, ನಿಮ್ಮ ಸಾಧನೆಯಲ್ಲಿ ಎಲ್ಲಿ ಹೆಜ್ಜೆ ತಪ್ಪಿದೆ ಎಂದು ಹೇಳದು. ಡ್ಯೂಟಿ ಮುಗಿಸಿ, ಅಡುಗೆ ಮಾಡಿಟ್ಟು ಓದುವವರಿಗೆ ಸಹಪಾಠಿಗಳೂ ಪಕ್ಕದಲ್ಲಿರುವುದಿಲ್ಲ. ಒಂದೇ ಸಾಲಿನ ಮುಂದೆ ಎರಡು ವಾರ ಸಿಕ್ಕಿಕೊಂಡು, ನನ್ನಿಂದಾಗದು ಎಂದು ಬಿಟ್ಟುಬಿಡುವ ಅಪಾಯ ಇರುವುದು ಅಲ್ಲೇ.

ಓಪನ್ ಯೂನಿವರ್ಸಿಟಿಯಲ್ಲೂ ಕಾಲ ಮೊದಲಿನಂತಿಲ್ಲ. ಈಗಾಗಲೇ ಪದವಿ ಇದ್ದವರ ಎರಡನೇ ಪದವಿಗೆ ಸರ್ಕಾರದ ಅನುದಾನ 2008ರಿಂದ ನಿಂತಿತು. 2012ರಲ್ಲಿ ಬೋಧನಾ ಅನುದಾನವೇ ಕಡಿತವಾಗಿ ಇಂಗ್ಲೆಂಡಿನಲ್ಲಿ ಶುಲ್ಕ ವಿಪರೀತ ಏರಿತು. ದುಡಿಯುತ್ತಾ ಓದುವವರ ಸಂಖ್ಯೆ ಇಳಿಯಿತು. ‘ಇಷ್ಟು ದುಡ್ಡು ಹಾಕಿ ಏನು ಲಾಭ ಅಂತ ಕೇಳ್ತಾರೆ. ಸಂಬಳ ಒಂದು ಪೌಂಡೂ ಹೆಚ್ಚಾಗುದಿಲ್ಲ’ ಎಂದರು ಅವರು, ಬೇಸರವಿಲ್ಲದೆ.

ಓಪನ್ ಯೂನಿವರ್ಸಿಟಿಗೆ ಸನ್ನದು ಸಿಕ್ಕ 1969ರಲ್ಲೇ ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಶಿಕ್ಷಣ ಆರಂಭಿಸಿತ್ತು. ಅದೇ ಬೇರಿನಿಂದ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಮುಕ್ತಗಂಗೋತ್ರಿಯಲ್ಲಿ ಮೈದಳೆಯಿತು. ಇಗ್ನೋದ ಗಣಿತ ಪಾಠಗಳು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿವೆ, ಐಐಟಿ ಪ್ರಾಧ್ಯಾಪಕರ ಉಪನ್ಯಾಸಗಳು ಎನ್‌ಪಿಟೆಲ್‌ನಲ್ಲಿವೆ. ಪಾಠಕ್ಕೆ ಈಗ ಬರವಿಲ್ಲ. ಬರವಿರುವುದು ಕಲಿಯುವವರ ಬರಹವನ್ನು ಓದಿ, ತಿದ್ದಿ, ಮರಳಿಸುವವರಿಗೆ.

ನಮ್ಮ ಬ್ಯಾಂಕ್ ಕೌಂಟರುಗಳಲ್ಲಿ, ಬಸ್ ಡಿಪೊಗಳಲ್ಲಿ, ಅಂಗನವಾಡಿಗಳಲ್ಲಿ ಪಿಯುಸಿಗೇ ಗಣಿತ ಬಿಟ್ಟು, ಮಕ್ಕಳ ಲೆಕ್ಕದ ಪುಸ್ತಕ ಕಂಡಾಗ ಕೈ ತುರಿಸುವವರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ಅಂಕಪಟ್ಟಿ ಕೇಳದ ಒಂದು ಬಾಗಿಲು ಬೇಕು, ಕನ್ನಡದಲ್ಲಿ ಎರಡು ಸಾಲು ಬರೆಯುವ ಒಬ್ಬ ಮೇಷ್ಟ್ರು ಬೇಕು. ಪುತ್ತೂರಿನ ಹುಡುಗಿಗೆ ಅದು ಊರಲ್ಲೇ ಸಿಕ್ಕಿದ್ದರೆ, ಅವರ ಗಣಿತ ಇಷ್ಟು ವರ್ಷ ಕಾಯಬೇಕಾಗಿರಲಿಲ್ಲ.