ಸೂತ್ರ ಸರಿಯಿದ್ದರೆ ಪಟ ಏರೀತು, ದಾರ ಸರಿಯಿದ್ದರೆ ಹಕ್ಕಿ ಉಳಿದೀತು

ಧುಪದಾಳ: ಆಷಾಢದ ಗಾಳಿ ಬೀಸತೊಡಗಿತೆಂದರೆ ಮಕ್ಕಳ ಕೈಗೆ ಗಾಳಿಪಟ ಬರುತ್ತದೆ. ಮನೆಯಲ್ಲಿಯೇ ಪಟ ಕಟ್ಟುವುದು ಕಷ್ಟದ ಕೆಲಸವಲ್ಲ. ಆದರೆ ಘಟಪ್ರಭಾ ನದಿಯ ಒಡ್ಡಿನಿಂದ ಹೆಸರಾದ ಧುಪದಾಳದಲ್ಲಿ ಪಟ ಹಾರಿಸುವವರು ಆಕಾಶವನ್ನು ಹಕ್ಕಿಗಳೊಡನೆ ಹಂಚಿಕೊಳ್ಳಬೇಕಾಗುತ್ತದೆ. ಇಲ್ಲಿನ ಜಲಾಶಯ ಹಾಗೂ ಸುತ್ತಲಿನ ಪ್ರದೇಶ 1974ರಲ್ಲಿ ಪಕ್ಷಿಧಾಮವಾಗಿ ಘೋಷಣೆಯಾಗಿದೆ.

ಕಟ್ಟುವ ಬಗೆ: 45 ಸೆಂ.ಮೀ. ಚೌಕದ ತೆಳು ಬಣ್ಣದ ಕಾಗದಕ್ಕೆ ಮೂಲೆಯಿಂದ ಮೂಲೆಗೆ 64 ಸೆಂ.ಮೀ. ಉದ್ದದ ಬಿದಿರು ಕಡ್ಡಿಯನ್ನು ಅಂಟಿಸಬೇಕು. 73 ಸೆಂ.ಮೀ. ಉದ್ದದ ಮತ್ತೊಂದು ತೆಳು ಕಡ್ಡಿಯನ್ನು ಬಿಲ್ಲಿನಂತೆ ಬಗ್ಗಿಸಿ ಉಳಿದೆರಡು ಮೂಲೆಗಳಿಗೆ ಕೂಡಿಸಬೇಕು. ಮೈದಾ ಅಂಟು ಸಾಕು. ನಡುಗಡ್ಡಿಯನ್ನು ಬೆರಳ ಮೇಲಿಟ್ಟಾಗ ಪಟ ಒಂದು ಬದಿಗೆ ವಾಲಿದರೆ, ಆ ಬದಿಯ ಬಿಲ್ಲನ್ನು ತುಸು ಹೆರೆದು ಹಗುರಗೊಳಿಸಬೇಕು.

ಸೂತ್ರದ ಗುಟ್ಟು: ಕಡ್ಡಿಗಳು ಕೂಡುವಲ್ಲಿ ಒಂದು, ನಡುಗಡ್ಡಿಯ ಕೆಳಭಾಗದಲ್ಲಿ ಇನ್ನೊಂದು ಎಂದು ಎರಡು ಕಡೆ ದಾರ ಕಟ್ಟಿ, ಅವೆರಡನ್ನೂ ಒಂದು ಗಂಟಿನಲ್ಲಿ ಸೇರಿಸುವುದೇ ಸೂತ್ರ. ಗಾಳಿಗೆ ಪಟ ಎಷ್ಟು ಓರೆಯಾಗಿ ನಿಲ್ಲಬೇಕೆಂಬುದನ್ನು ಈ ಗಂಟು ನಿರ್ಧರಿಸುತ್ತದೆ.

ಪರೀಕ್ಷೆ: ವಿದ್ಯುತ್ ತಂತಿಗಳಿಲ್ಲದ ಬಯಲಿನಲ್ಲಿ, ಮಳೆ ಇಲ್ಲದಾಗ, ಮೊದಲು ಇಪ್ಪತ್ತು ಹೆಜ್ಜೆ ದಾರದಲ್ಲಷ್ಟೇ ಪಟವನ್ನು ಏರಿಸಿ ನೋಡಬೇಕು. ಏರದೆ ಹಿಂದಕ್ಕೆ ಜಗ್ಗಿದರೆ ಗಂಟನ್ನು ತಲೆಯ ಕಡೆಗೆ, ಪಟಪಟಿಸುತ್ತ ತಲೆಯ ಮೇಲೆಯೇ ಬಂದರೆ ಬಾಲದ ಕಡೆಗೆ ತುಸು ಸರಿಸಬೇಕು. ಗಿರಗಿರನೆ ಸುತ್ತಿ ಗೋತಾ ಹೊಡೆದರೆ ಬಾಲಂಗೋಚಿಯನ್ನು ಉದ್ದ ಮಾಡಬೇಕು.

ದಾರವೇ ಅಪಾಯ: ನೈಲಾನ್ ದಾರ ಕೊಳೆಯುವುದಿಲ್ಲ. ಪಟ ಹರಿದು ಹೋದ ಮೇಲೂ ಮರದಲ್ಲಿ ಉಳಿದು ಹಕ್ಕಿಗಳ ರೆಕ್ಕೆ, ಕಾಲುಗಳಿಗೆ ಉರುಳಾಗುತ್ತದೆ. ಬೈಕ್ ಸವಾರರ ಕುತ್ತಿಗೆಯನ್ನೂ ಸೀಳುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರ ಜುಲೈನಲ್ಲಿ ನೈಲಾನ್ ಹಾಗೂ ಇತರ ಕೃತಕ ಮಾಂಜಾ ದಾರಗಳನ್ನು ದೇಶಾದ್ಯಂತ ನಿಷೇಧಿಸಿತು. ಗಾಜಿನ ಪುಡಿ ಬಳಿದ ಹತ್ತಿ ದಾರವೂ ಅಷ್ಟೇ ಅಪಾಯಕಾರಿ.

ಯುರೋಪಿನ ಬಿಳಿ ಕೊಕ್ಕರೆಯಂತಹ ವಲಸೆ ಹಕ್ಕಿಗಳು ಇಲ್ಲಿಗೆ ಬರುವುದು ಚಳಿಗಾಲದಲ್ಲಿ. ಆದ್ದರಿಂದ ಆಷಾಢದ ಪಟ ಅವುಗಳಿಗೆ ಎದುರಾಗದು. ಸಂಕ್ರಾಂತಿಯ ಪಟ ಎದುರಾಗುತ್ತದೆ. ಇಲ್ಲಿಯೇ ನೆಲೆಸಿರುವ ಹಕ್ಕಿಗಳಿಗಂತೂ ವರ್ಷವಿಡೀ ಅಪಾಯ ತಪ್ಪಿದ್ದಲ್ಲ. ಏನನ್ನೂ ಬಳಿಯದ ಹತ್ತಿ ದಾರವನ್ನೇ ಬಳಸುವುದು, ಜಲಾಶಯದಿಂದ ದೂರದ ಬಯಲನ್ನು ಆರಿಸಿಕೊಳ್ಳುವುದು, ಆಟ ಮುಗಿದ ಮೇಲೆ ತುಂಡು ದಾರವನ್ನೂ ಬಿಡದೆ ಸುತ್ತಿ ಒಯ್ಯುವುದು ಪಟ ಹಾರಿಸುವವರ ಹೊಣೆ.